ಸಾಲಿನಲ್ಲಿ ನನ್ನದೂ ಒಂದು ಹೆಬ್ಬೆಟ್ಟು

ತೇಲೂರು, ಹಗ್ಗದ ಬೀದಿ
ನಡುಮಳೆ ತಿಂಗಳ ನಲವತ್ತೊಂದನೇ ತಾರೀಖು, ಇಸವಿ 2204

ಸುವರ್ಣಜ್ಜಿಯವರಿಗೆ ಬಂಗಾರೆವ್ವ ಕಡ್ಲಿಮಟ್ಟಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿದ ಕೂಡಲೇ ಕಾಗದವನ್ನು ಪಕ್ಕಕ್ಕೆ ಇಡಬೇಡಿ. ನಲವತ್ತೊಂದನೇ ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಇಲ್ಲವೆಂದು ನನಗೂ ಗೊತ್ತು. ನಮ್ಮಲ್ಲಿ ಮಳೆ ನಿಂತ ಮೇಲೆಯೇ ನಡುಮಳೆ ತಿಂಗಳು ಮುಗಿಯುವುದು, ಈ ಸಲ ಅದಕ್ಕೆ ನಿಲ್ಲುವ ಮನಸ್ಸು ಬಂದಿಲ್ಲ. ನಿಮ್ಮನ್ನು ಅಜ್ಜಿ ಎಂದದ್ದಕ್ಕೂ ಕ್ಷಮೆ ಇರಲಿ. ಲೆಕ್ಕ ಹಾಕಿದರೆ ನಿಮಗೀಗ ಮೂವತ್ತೊಂದು ವರ್ಷ, ನನಗೆ ಐವತ್ತೆಂಟು. ಎದುರುಬದುರು ನಿಂತರೆ ನೀವೇ ನನಗೆ ಅಕ್ಕಾರ ಅನ್ನಬೇಕು. ಆದರೆ ನೀವು ನನ್ನ ಮುತ್ತಜ್ಜಿಯ ಅಜ್ಜಿ, ನಿಮ್ಮ ಅಡ್ಡಹೆಸರನ್ನು ಐದು ತಲೆಮಾರು ಹೆಣ್ಣುಮಕ್ಕಳೇ ಹೊತ್ತು ತಂದಿದ್ದೇವೆ. ಆದ್ದರಿಂದ ಅಜ್ಜಿ ಎಂದೇ ಕರೆಯುತ್ತೇನೆ. ನಡುವೆ ನಿಮಗೆ ಅರ್ಥವಾಗದ ಮಾತು ಬಂದರೆ ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಅಷ್ಟರ ಮೇಲೂ ತಿಳಿಯದಿದ್ದರೆ ತಪ್ಪು ನನ್ನದು, ನಿಮ್ಮದಲ್ಲ.

ಈ ಕಾಗದ ನಿಮಗೆ ತಲುಪಿದ್ದು ಹಿಂದಂಚೆಯಿಂದ. ಹಿಂದಂಚೆ ಎಂದರೆ ಕಾಗದವನ್ನು ಹಿಂದಿನ ಕಾಲಕ್ಕೆ ಕಳಿಸುವ ಕಚೇರಿ. ಹೇಗೆ ಕಳಿಸುತ್ತಾರೆಂದು ಕೇಳಬೇಡಿ. ನಿಮ್ಮ ಕಾಲದ ಫೋನು ಹೇಗೆ ಮಾತಾಡುತ್ತದೆಂದು ನಿಮಗೆ ಎಷ್ಟು ಗೊತ್ತೋ ನನಗೂ ಅಷ್ಟೇ ಗೊತ್ತು. ಗಟ್ಟಿ ನಿಯಮಗಳಿವೆ. ಬಂಗಾರದ ಧಾರಣೆ ಬರೆಯುವಂತಿಲ್ಲ, ಚುನಾವಣೆಯಲ್ಲಿ ಯಾರು ಗೆದ್ದರು ಎನ್ನುವಂತಿಲ್ಲ, ಯಾರ ಸಾವಿನ ದಿನವನ್ನೂ ಹೇಳುವಂತಿಲ್ಲ. ಕಿಟಕಿಯಲ್ಲಿ ಕೂತ ಗುಮಾಸ್ತ ಪೆನ್ಸಿಲ್ ಹಿಡಿದು ಎಲ್ಲ ಓದುತ್ತಾನೆ. ಮೊದಲು ತೋರಿಸಿದ ಕರಡು ಓದಿ, ಅಕ್ಕಾರ ಇದರಾಗ ಹೊಡದ ಹಾಕಾಕ ಏನೂ ಇಲ್ಲ, ಬರೇ ನಿಮ್ಮ ಮಾತ ಅದಾವ ಎಂದ. ಹೊಗಳಿದನೋ ತೆಗಳಿದನೋ ತಿಳಿಯಲಿಲ್ಲ. ಹೊಗಳಿದ ಎಂದೇ ಜಮಾ ಮಾಡಿಕೊಂಡಿದ್ದೇನೆ.

ನೀವು ಬೆರಳಚ್ಚು ತಜ್ಞೆ ಎನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾಕೆಂದರೆ ನಿಮ್ಮ ಭೂತಗನ್ನಡಿ ಇನ್ನೂ ನಮ್ಮ ಹತ್ತಿರವೇ ಇದೆ. ಹಿತ್ತಾಳೆಯ ಮಡಚುವ ಕಾಲಿನದು, ಒಂದು ಮೂಲೆ ಸ್ವಲ್ಪ ಸೀಳಿರುವಂಥದು. ನಿಮ್ಮ ಕಾಲಕ್ಕೆ ಅದು ಸೀಳಿಲ್ಲದಿದ್ದರೆ ಜೋಪಾನ. ನೀವು ಅದರಲ್ಲಿ ಕಳ್ಳರ ಬೆರಳಿನ ಗೆರೆ ನೋಡುತ್ತಿದ್ದಿರಿ. ನಾನು ಅದರಲ್ಲಿ ಕೊಪ್ಪರಿಗೆಯ ತೂತು ನೋಡುತ್ತೇನೆ. ನನ್ನದು ಭಾಂಡೆ ಬಾಡಿಗೆಯ ವ್ಯಾಪಾರ. ಮದುವೆ, ಸೀಮಂತ, ತೊಟ್ಟಿಲು, ಯಾವ ಕಾರ್ಯಕ್ಕೂ ಕೊಪ್ಪರಿಗೆ, ಹಂಡೆ, ಸೌಟು, ತಾಟು ನಮ್ಮವೇ ಹೋಗಬೇಕು. ಮೊದಲು ನನ್ನ ಹತ್ತಿರ ಇದ್ದದ್ದು ಯಾರೋ ಬಿಸಾಕಿದ ಒಂದು ಸೋರುವ ಕೊಪ್ಪರಿಗೆ. ಕಲಾಯಿ ಹಾಕುವುದನ್ನು ನಾನೇ ಕಲಿತು, ಕೈ ಸುಟ್ಟುಕೊಂಡು, ಅದನ್ನೇ ಬಾಡಿಗೆಗೆ ಕೊಟ್ಟು ಮೇಲೆ ಬಂದೆ. ಬಲಗೈ ಹೆಬ್ಬೆರಳಿನ ಮೇಲೆ ಆ ಕಾಲದ ಒಂದು ಅಡ್ಡಗೀರು ಉಳಿದಿದೆ. ಅದನ್ನು ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ನಮ್ಮ ಊರಿನ ವಿಷಯ ಹೇಳದಿದ್ದರೆ ಉಳಿದದ್ದು ತಿಳಿಯದು. ಕೃಷ್ಣೆಯ ಹಿನ್ನೀರು ಏರುತ್ತಾ ಏರುತ್ತಾ ಬಂದಾಗ ನಮ್ಮ ಹಿರಿಯರು ಊರು ಬಿಟ್ಟು ಓಡಲಿಲ್ಲ, ಊರನ್ನೇ ತೇಲಿಸಿದರು. ಮನೆಗಳು, ಅಂಗಡಿಗಳು, ಶಾಲೆ, ಕೋರ್ಟು ಎಲ್ಲವೂ ದೊಡ್ಡ ದೊಡ್ಡ ತೆಪ್ಪಗಳ ಮೇಲೆ ಇವೆ, ಒಂದಕ್ಕೊಂದು ಹಗ್ಗದಿಂದ ಕಟ್ಟಿದ್ದೇವೆ. ಗಾಳಿ ಜೋರಾದರೆ ನೆರೆಮನೆಯವರು ಬದಲಾಗುತ್ತಾರೆ, ಜಗಳ ಹಳೆಯದಾಗುವ ಮೊದಲೇ ಹೊಸ ನೆರೆಯವರು ಸಿಗುತ್ತಾರೆ. ಜೋಳವನ್ನು ತೆಪ್ಪದ ಮೇಲೆಯೇ ಬೆಳೆಯುತ್ತೇವೆ, ರೊಟ್ಟಿ ಬಡಿಯುವ ಸದ್ದು ನೀರಿನ ಮೇಲೆ ದೂರ ಹೋಗುತ್ತದೆ, ಯಾರ ಮನೆಯಲ್ಲಿ ಎಷ್ಟು ಜನ ನೆಂಟರು ಬಂದಿದ್ದಾರೆಂದು ಇಲ್ಲಿ ಗುಟ್ಟಾಗಿ ಉಳಿಯುವುದಿಲ್ಲ. ತೆಪ್ಪಗಳ ಅಡಿಯನ್ನು ನೋಡಿಕೊಳ್ಳುವವರು ತಳಗಾರರು. ಉಸಿರು ಬಿಗಿ ಹಿಡಿದು ನೀರಿಗಿಳಿದು ಪಾಚಿ ಕೆರೆಯುವುದು, ಸೋರುವಲ್ಲಿ ಮೆತ್ತುವುದು ಅವರ ಕೆಲಸ. ಅವರ ಬೆರಳುಗಳು ಯಾವಾಗಲೂ ನೆನೆದು ಸುಕ್ಕುಗಟ್ಟಿರುತ್ತವೆ. ನೀರಿನ ಮೇಲೆ ಬದುಕುವ ನಮ್ಮೆಲ್ಲರವೂ ಸ್ವಲ್ಪ ಹಾಗೆಯೇ.

ಇಂಥ ಒಬ್ಬ ತಳಗಾರ ರಾಚಯ್ಯ. ಇಪ್ಪತ್ತಾರರ ಹುಡುಗ, ನೀರೊಳಗೆ ಮೀನು, ನೀರಿನ ಹೊರಗೆ ಮಾತೇ ಬಾರದ ಕಂಬ. ಅವನಿಗೂ ಎಣ್ಣೆ ಅಂಗಡಿಯ ಕಸ್ತೂರಿಗೂ ಮದುವೆ ನಿಶ್ಚಯವಾಗಿತ್ತು. ಭಾಂಡೆ ನಮ್ಮಿಂದಲೇ ಗೊತ್ತು ಮಾಡಿದ್ದರು. ಆ ಹುಡುಗಿ ಬಂದು ಒಂದೊಂದು ತಾಟನ್ನೂ ಬೆರಳಲ್ಲಿ ಬಡಿದು ಸದ್ದು ಕೇಳಿ ಆರಿಸಿದಳು. ಗಂಡನ್ನು ಆರಿಸುವಾಗಲೂ ಹಿಂಗ ಬಡದು ನೋಡಿದ್ಯೇನ ಎಂದು ಕೇಳಿದೆ. ನೋಡೇನಿ ಅಕ್ಕಾರ, ಸದ್ದ ಬರಂಗಿಲ್ಲ, ಆದರ ಸೋರಂಗಿಲ್ಲ ಎಂದಳು. ಅವತ್ತೇ ನನಗೆ ಇಷ್ಟವಾದಳು.

ಮದುವೆಗೆ ಇನ್ನು ಕೆಲವೇ ದಿನಗಳಿರುವಾಗ ಬೆಳ್ಳಿ ಅಂಗಡಿಯ ತೆಪ್ಪದಲ್ಲಿ ಕಳವಾಯಿತು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಯಾರೋ ಹಿಂದಿನಿಂದ ಬಂದು ಕಾವಲುಗಾರ ಯಂಕಪ್ಪನನ್ನು ಹೊಡೆದು ನೀರಿಗೆ ಕೆಡವಿ, ಬೆಳ್ಳಿ ಬಟ್ಟಲುಗಳನ್ನು ಎತ್ತಿಕೊಂಡು ಹೋದರು. ಯಂಕಪ್ಪನ ಕಾಲು ಮುರಿಯಿತು. ಮುಖ ನೋಡಿದವರು ಯಾರೂ ಇಲ್ಲ. ಸಿಕ್ಕಿದ್ದು ಕಪಾಟಿನ ಗಾಜಿನ ಮೇಲೆ ಅರ್ಧ ಮಾಸಿದ ಒಂದೇ ಒಂದು ಹೆಬ್ಬೆಟ್ಟಿನ ಗುರುತು. ಅದನ್ನು ಎಲ್ಲರ ಬೆರಳಚ್ಚುಗಳಿರುವ ದೊಡ್ಡ ಸಂಗ್ರಹಕ್ಕೆ ಕೊಟ್ಟು ಕೇಳಿದರೆ ಯಂತ್ರ ಮೊದಲು ಹೇಳಿದ ಹೆಸರು ರಾಚಯ್ಯನದು. ಹೆಸರು ಸಿಕ್ಕ ಮೇಲೆ ಕೇಳಬೇಕೆ, ಉಳಿದದ್ದೆಲ್ಲ ತಾನಾಗಿಯೇ ಬಂದು ಜೋಡಿಸಿಕೊಂಡಿತು. ಅಂಗಡಿಯವನಿಗೂ ಅವನಿಗೂ ತೆಪ್ಪದ ತಳ ಗೀರಿದ ವಿಷಯಕ್ಕೆ ಜಟಾಪಟಿಯಾಗಿತ್ತಂತೆ. ಆ ಮಧ್ಯಾಹ್ನ ಅವನು ಒದ್ದೆ ಬಟ್ಟೆಯಲ್ಲಿ ಓಡಾಡುತ್ತಿದ್ದನೆಂದು ಒಬ್ಬ ಸಾಕ್ಷಿ ಹೇಳಿದ. ತಳಗಾರ ಒದ್ದೆಯಾಗಿರದೆ ಇಸ್ತ್ರಿ ಮಾಡಿಸಿಕೊಂಡು ನಿಂತಿರುತ್ತಾನೆಯೇ? ನಾನಂತೂ ನಕ್ಕೆ. ಕಸ್ತೂರಿ ನಗಲಿಲ್ಲ. ತಪ್ಪು ಸಾಬೀತಾದರೆ ಏಳು ವರ್ಷ ಒಣನೆಲ. ಒಣನೆಲ ಎಂದರೆ ನಮ್ಮ ಸೆರೆಮನೆ, ನೀರು ಕಣ್ಣಿಗೂ ಬೀಳದ ದೂರದ ಗುಡ್ಡದ ಮೇಲಿದೆ. ನೀರೊಳಗೇ ಬೆಳೆದವನನ್ನು ಅಲ್ಲಿಟ್ಟರೆ ಏನಾಗುತ್ತಾನೆಂದು ಅವಳು ನನ್ನನ್ನು ಕೇಳಿದಳು. ತಾಟುಗಳನ್ನ ಬ್ಯಾರೆಯವರಿಗೆ ಕೊಟ್ಟುಬಿಡ್ರಿ ಎಂದಳು. ಕೊಡಲಿಲ್ಲ. ಒಳಗಿನ ಕೋಣೆಯಲ್ಲಿ ಬಟ್ಟೆ ಹೊದಿಸಿ ಇಟ್ಟೆ.

ನಿಮ್ಮ ಕಾಲದಲ್ಲಿ ಇಲ್ಲಿಂದ ಮುಂದೆ ಏನಾಗುತ್ತಿತ್ತೆಂದು ನಾನು ಓದಿ ತಿಳಿದಿದ್ದೇನೆ. ತಜ್ಞರ ಮೇಜಿನ ಮೇಲೆ ಒಂದು ಕಡೆ ಗಾಜಿನ ಗುರುತು, ಇನ್ನೊಂದು ಕಡೆ ರಾಚಯ್ಯನ ಹಾಳೆ, ಜೊತೆಗೆ ಅವನೇ ಮಾಡಿದ್ದು ಎಂಬ ಪೊಲೀಸರ ಕಡತ. ಎರಡೂ ಒಂದೇ ಎಂದು ಒಬ್ಬರು ಬರೆಯುವುದು, ಬರೆದದ್ದನ್ನು ನೋಡಿ ಇನ್ನೊಬ್ಬರು ರುಜು ಹಾಕುವುದು, ಕೋರ್ಟಿನಲ್ಲಿ ನೂರಕ್ಕೆ ನೂರು ಎನ್ನುವುದು. ಎಲ್ಲರೂ ಹೀಗೆ ಮಾಡುತ್ತಿದ್ದರೆಂದು ಅನ್ನುವುದಿಲ್ಲ, ನೀವು ಮಾಡುತ್ತೀರೆಂದಂತೂ ಮೊದಲೇ ಅನ್ನುವುದಿಲ್ಲ. ಒಂದು ಸಂಗತಿ ಮಾತ್ರ ನನಗೆ ಇವತ್ತಿಗೂ ಲೆಕ್ಕಕ್ಕೆ ಸಿಗುವುದಿಲ್ಲ. ಅದೇ ಕಾಲದಲ್ಲಿ ರೇಷನ್ ಅಂಗಡಿಯ ಯಂತ್ರದ ಮೇಲೆ ಕೂಲಿ ಹೆಂಗಸು ಹೆಬ್ಬೆಟ್ಟು ಒತ್ತಿದರೆ, ಗೆರೆ ಸವೆದಿದೆ, ಇದು ನಿನ್ನದಲ್ಲ ಎಂದು ಯಂತ್ರ ಅಕ್ಕಿ ಕೊಡದೆ ಕಳಿಸುತ್ತಿತ್ತಂತೆ. ಆಕೆಯೇ ಎದುರಿಗೆ ನಿಂತು ಒತ್ತಿದ ಪೂರ್ತಿ ಹೆಬ್ಬೆಟ್ಟನ್ನು ನಂಬದ ಜನ, ಬಾಗಿಲ ಹಿಡಿಯ ಮೇಲಿನ ಅರ್ಧ ಮಾಸಿದ ಕಲೆಯನ್ನು ನೂರಕ್ಕೆ ನೂರು ಹೇಗೆ ನಂಬಿದರು ಅಜ್ಜಿ? ವ್ಯಾಪಾರದಲ್ಲಿ ಹೀಗೆ ಮಾಡಿದ್ದರೆ ನಾನು ಇಷ್ಟು ಹೊತ್ತಿಗೆ ತಾಟು ಹಿಡಿದು ಬೇರೆಯವರ ಸಾಲಿನಲ್ಲಿ ಕೂತಿರುತ್ತಿದ್ದೆ.

ಈಗ ನಮ್ಮಲ್ಲಿ ಪದ್ಧತಿ ಬೇರೆ. ಯಂತ್ರ ಹೆಸರು ಹೇಳಿದರೆ ಅದು ಹೆಸರಷ್ಟೇ. ಆ ಗುರುತಿಗೆ ಹತ್ತಿರ ಹತ್ತಿರ ಇರುವ ಇನ್ನೂ ಐದು ಜನರನ್ನು ಹುಡುಕಿ, ಅವರಿಗೂ ಕರೆ ಕಳಿಸುತ್ತಾರೆ. ಇವರನ್ನು ಸಾಲುಬೆರಳು ಎನ್ನುತ್ತೇವೆ. ನಿರಪರಾಧಿಗಳೇ, ಬರೀ ಬೆರಳು ಸಾಲ ಕೊಡಲು ಬಂದವರು. ಕರೆ ಬಂದರೆ ತಪ್ಪಿಸಿಕೊಳ್ಳುವಂತಿಲ್ಲ. ಆರು ಹಾಳೆಗಳ ಮೇಲೆ ಹೆಸರಿರುವುದಿಲ್ಲ. ಒಂದು, ಎರಡು ಎಂದು ಅಂಕಿಯನ್ನೂ ಹಾಕುವುದಿಲ್ಲ, ಒಂದು ಎಂದರೆ ಮೊದಲನೆಯವನು ಎಂಬ ಭಾವನೆ ಬರುತ್ತದಲ್ಲ. ತರಕಾರಿ ಹೆಸರು ಇಡುತ್ತಾರೆ. ಬದನೆ, ಹೀರೆ, ಸವತೆ, ನುಗ್ಗೆ, ಬೆಂಡೆ, ಹಾಗಲ. ಯಾರು ಯಾವ ತರಕಾರಿ ಎಂಬುದು ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಧೀಶರ ಹತ್ತಿರ ಇರುತ್ತದೆ. ಗೆರೆಗಾರರಿಗೆ, ಅಂದರೆ ನಿಮ್ಮ ಕಸುಬಿನವರಿಗೆ, ಗೊತ್ತಿರುವುದಿಲ್ಲ. ನಮಗೂ ಗೊತ್ತಿರುವುದಿಲ್ಲ. ಕೇಸಿನ ಕಥೆಯನ್ನು ಗೆರೆಗಾರರಿಗೆ ಯಾರಾದರೂ ಹೇಳಿದರೆ ಹೇಳಿದವರೇ ಕಟಕಟೆ ಹತ್ತಬೇಕು.

ಹೀಗೆ ಒಂದು ಕರೆ ನನಗೂ ಬಂತು, ಯಾವ ಕೇಸೆಂದು ಅದರಲ್ಲಿ ಬರೆದಿರಲಿಲ್ಲ. ಮದುವೆಯ ಕಾಲ, ಕೊಪ್ಪರಿಗೆಗಳೆಲ್ಲ ಹೊರಗೆ, ನಾನು ಇಡೀ ದಿನ ಕೋರ್ಟಿನ ತೆಪ್ಪದಲ್ಲಿ ಕೂರಬೇಕು. ಬೈದುಕೊಂಡೇ ಹೋದೆ. ಹೋಗಿ ನೋಡಿದರೆ ಕಟಕಟೆಯಲ್ಲಿ ರಾಚಯ್ಯ, ಎದುರು ಬೆಂಚಿನಲ್ಲಿ ಕಸ್ತೂರಿ. ಕಾಲಿಗೆ ಪಟ್ಟಿ ಸುತ್ತಿಕೊಂಡ ಯಂಕಪ್ಪ ಮುಂದಿನ ಸಾಲಿನಲ್ಲಿ ಕೂತು ರಾಚಯ್ಯನನ್ನು ನುಂಗುವಂತೆ ನೋಡುತ್ತಿದ್ದ. ನೀನs ಏನೋ ಹೇಳಲೇ ಎಂದು ಎರಡು ಸಲ ಕೂಗಿ ಎರಡು ಸಲ ಬೈಸಿಕೊಂಡ.

ಆ ಕೂಗಾಟ ಮುಗಿದ ಮೇಲೆಯೇ ಗೆರೆಗಾರ್ತಿ ಹಸೀನಾ ನದಾಫ ಅವರನ್ನು ಒಳಗೆ ಕರೆದರು. ನಮ್ಮ ಭಾಗದಲ್ಲಿ ಆಕೆಯಷ್ಟು ಹೆಸರು ಮಾಡಿದವರಿಲ್ಲ. ಸಾಕ್ಷಿ ಹೇಳುವ ಮೊದಲು ಎದ್ದು ನಿಂತು ಎಡವುನುಡಿ ಓದಿದರು. ಎಡವುನುಡಿ ಎಂದರೆ ಇಷ್ಟು ವರ್ಷಗಳಲ್ಲಿ ಇಂಥ ಗುಪ್ತ ಪರೀಕ್ಷೆಗಳಲ್ಲಿ ನಾನು ಎಷ್ಟು ಸಲ ತಪ್ಪಿದ್ದೇನೆ, ಎಂಥ ಗುರುತಿನಲ್ಲಿ ತಪ್ಪಿದ್ದೇನೆ ಎಂದು ಗೆರೆಗಾರರು ತಾವೇ ಹೇಳುವುದು. ಅದಿಲ್ಲದೆ ನಮ್ಮ ಕೋರ್ಟಿನಲ್ಲಿ ತಜ್ಞರ ಬಾಯಿ ತೆರೆಯಲು ಬಿಡುವುದಿಲ್ಲ. ಹಸೀನಾ ಅವರು ನಾಲ್ಕು ತಪ್ಪು ಹೇಳಿದರು. ನಾಲ್ಕೂ ಮಾಸಿದ ಗುರುತುಗಳು, ಅದರಲ್ಲಿ ಮೂರು ನೆನೆದ ಬೆರಳಿನವು. ಹೇಳುವಾಗ ಧ್ವನಿ ತಗ್ಗಲಿಲ್ಲ. ನನ್ನ ಹಂಡೆಯಲ್ಲಿ ತೂತಿದೆ ಎಂದು ಬಾಡಿಗೆಗೆ ಕೊಡುವ ಮೊದಲೇ ಹೇಳುವ ವ್ಯಾಪಾರಿಯನ್ನು ನಾನು ಅವತ್ತೇ ಮೊದಲ ಸಲ ನೋಡಿದ್ದು. ಆಮೇಲೆ ಗಾಜಿನ ಗುರುತನ್ನು ದೊಡ್ಡ ಪರದೆಯ ಮೇಲೆ ತೋರಿಸಿ, ನಡುವೆ ಹೋದ ಒಂದು ಅಡ್ಡಗೀರನ್ನು ಕಡ್ಡಿಯಿಂದ ಮುಟ್ಟಿ, ಇದು ಹಳೆಯ ಗಾಯದ ಕಲೆ, ಇದರ ಸುತ್ತಲಿನ ಗೆರೆಗಳೂ ಕೂಡುತ್ತವೆ, ಗುರುತು ಹೀರೇಕಾಯಿಯದು ಎಂದರು.

ಕಸ್ತೂರಿ ರಾಚಯ್ಯನನ್ನೇ ನೋಡುತ್ತಿದ್ದಳು, ಅವನು ತನ್ನ ಹೆಬ್ಬೆರಳನ್ನೇ ನೋಡುತ್ತಿದ್ದ. ತಳಗಾರರ ಕೈಗೆ ಗಾಯಗಳಿಗೇನು ಕಡಿಮೆ. ಮುಗಿಯಿತು ಇವನ ಕಥೆ, ಇವನೇ ಹೀರೇಕಾಯಿ ಎಂದುಕೊಂಡೆ. ಬಟ್ಟೆ ಹೊದಿಸಿಟ್ಟ ತಾಟುಗಳು ಕಣ್ಣ ಮುಂದೆ ಬಂದವು. ನ್ಯಾಯಾಧೀಶರು ಲಕೋಟೆ ಬಿಚ್ಚಿದರು, ಒಂದು ಸಲ ಓದಿದರು, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು. ರಾಚಯ್ಯ ಸವತೆಕಾಯಿ. ಹೀರೇಕಾಯಿ, ಬಂಗಾರೆವ್ವ ಕಡ್ಲಿಮಟ್ಟಿ.

ಇಡೀ ಕೋರ್ಟು ತಿರುಗಿ ನನ್ನ ಕಡೆ ನೋಡಿತು. ಯಂಕಪ್ಪನೇ ಮೊದಲು ಬಾಯಿ ಬಿಟ್ಟ. ಅಕ್ಕಾರ, ನನಗ ಹೊಡದಾಂವ ಗಂಡಸ್ರೀ, ನೀವ್ಯಾವಾಗ ಬಂದ್ರಿ ಎಂದ. ಆಗ ಶುರುವಾದ ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಸರ್ಕಾರಿ ವಕೀಲರು ನಿಯಮದಂತೆ ಆ ಮಧ್ಯಾಹ್ನ ನಾನೆಲ್ಲಿದ್ದೆ ಎಂದು ಕೇಳಲೇಬೇಕಾಯಿತು. ನಾನು ಹೊಳೆಯಾಚೆಯ ಊರಲ್ಲಿ ಒಂದು ಸೀಮಂತದ ಮನೆಯಲ್ಲಿದ್ದೆ. ಕಾಣೆಯಾದ ಒಂದು ಸೌಟಿಗಾಗಿ ಇಡೀ ಪಂಕ್ತಿಯ ಮುಂದೆ ಬೀಗರ ಜೊತೆ ಜಗಳ ಮಾಡುತ್ತಿದ್ದೆ. ಸಾಕ್ಷಿಗೆ ಜನ ಎಷ್ಟು ಬೇಕೆಂದು ನಾನೇ ಅವರನ್ನು ಕೇಳಿದೆ. ನಗುವಿನ ನಡುವೆಯೂ ಮನಸ್ಸು ಬೇರೆ ಲೆಕ್ಕ ಹಾಕುತ್ತಿತ್ತು. ಅವತ್ತು ನಾನು ಒಬ್ಬಳೇ ಮನೆಯಲ್ಲಿ ಮಲಗಿದ್ದಿದ್ದರೆ? ಯಂತ್ರ ಮೊದಲು ನನ್ನ ಹೆಸರನ್ನೇ ಹೇಳಿದ್ದಿದ್ದರೆ? ಲಕೋಟೆಯೇ ಇಲ್ಲದ ಕಾಲವಾಗಿದ್ದಿದ್ದರೆ?

ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವುದು ಹಸೀನಾ ಅವರು ಆಮೇಲೆ ಮಾಡಿದ್ದನ್ನು. ಅವರು ವಾದಿಸಲಿಲ್ಲ. ಕೂತರು, ನೀರು ಕುಡಿದರು, ಗುರುತನ್ನು ಮತ್ತೆ ನೋಡಿದರು. ಆಮೇಲೆ ಎದ್ದು, ನನ್ನ ಎಡವುನುಡಿಗೆ ಇದೊಂದನ್ನು ಸೇರಿಸಿಕೊಳ್ಳಿರಿ ಎಂದು ಬರೆದುಕೊಳ್ಳುವವನಿಗೆ ಹೇಳಿದರು. ಅದು ಗಾಯದ ಕಲೆಯಲ್ಲ, ನೆನೆದ ಬೆರಳಿನ ಸುಕ್ಕು ಇರಬೇಕು, ಆ ಒಂದು ಗೀರು ಕಂಡ ಮೇಲೆ ಉಳಿದದ್ದನ್ನು ನನ್ನ ಕಣ್ಣೇ ತುಂಬಿಕೊಂಡಿತು ಎಂದರು. ಹಾಗಾದರೆ ಸವತೆಕಾಯಿಯದು ಆಗಬಹುದೇ ಎಂದು ವಕೀಲರು ಆಸೆಯಿಂದ ಕೇಳಿದರು. ಈಗ ಸವತೆಕಾಯಿ ಯಾರೆಂದು ನನಗೆ ತಿಳಿದುಬಿಟ್ಟಿದೆ, ಇನ್ನು ನನ್ನ ಕಣ್ಣನ್ನು ಕೇಳಬೇಡಿರಿ ಎಂದರು. ನ್ಯಾಯಾಧೀಶರು ಗುರುತನ್ನು ಒರೆಸಿದ್ದೇವೆ ಎಂದು ಬರೆಸಿದರು. ಒರೆಸುವುದೆಂದರೆ ಆ ಗುರುತನ್ನು ಮತ್ತೆ ಯಾರೂ ಬಾಯಲ್ಲಿ ಹೇಳುವಂತಿಲ್ಲ. ಅದು ಹೋದ ಮೇಲೆ ಉಳಿದದ್ದು ಒಂದು ಹಳೆಯ ಜಟಾಪಟಿ, ಒಂದು ಒದ್ದೆ ಅಂಗಿ. ಅಷ್ಟಕ್ಕೆ ಯಾರನ್ನೂ ಒಣನೆಲಕ್ಕೆ ಕಳಿಸಲಾಗುವುದಿಲ್ಲ. ರಾಚಯ್ಯ ಕಟಕಟೆಯಿಂದ ಇಳಿದು, ಬಾಗಿಲು ಬಿಟ್ಟು, ತೆಪ್ಪದ ಅಂಚಿನಿಂದ ಸೀದಾ ನೀರಿಗೆ ಜಿಗಿದ. ಎಷ್ಟೋ ದಿನವಾಗಿತ್ತಲ್ಲ.

ಹಸೀನಾ ಅವರ ಕೆಲಸ ಹೋಗಲಿಲ್ಲ, ಅದನ್ನೂ ಬರೆದು ತಿಳಿಸುತ್ತೇನೆ. ಮರುವಾರವೇ ಬೇರೊಂದು ಕೇಸಿನಲ್ಲಿ ಐದು ತಪ್ಪುಗಳ ಎಡವುನುಡಿ ಓದಿ, ಪೂರ್ತಿ ಅಂಗೈ ಸ್ಪಷ್ಟವಾಗಿ ಮೂಡಿದ್ದ ಗುರುತನ್ನು ಸಾಲಿನಿಂದ ಸರಿಯಾಗಿ ಆರಿಸಿದರು. ಆ ಕಳ್ಳ ಒಪ್ಪಿಕೊಂಡ, ಮಾಲೂ ಸಿಕ್ಕಿತು. ಬೆರಳಿನ ಗುರುತೇ ಸುಳ್ಳು ಎಂದು ನಾನು ಹೇಳುತ್ತಿಲ್ಲ ಅಜ್ಜಿ. ಒಳ್ಳೆಯ ಗುರುತು ಒಳ್ಳೆಯ ಕೊಪ್ಪರಿಗೆಯ ಹಾಗೆ, ತಲೆಮಾರು ಬಾಳುತ್ತದೆ. ಆದರೆ ಅದನ್ನು ಓದುವುದು ಮನುಷ್ಯರ ಕಣ್ಣು, ಕಣ್ಣಿಗೆ ಮೊದಲೇ ಹೆಸರು ಹೇಳಿಬಿಟ್ಟರೆ ಅದು ಹೆಸರನ್ನೇ ಓದುತ್ತದೆ.

ಬೆಳ್ಳಿ ಕದ್ದವರು ಇನ್ನೂ ಸಿಕ್ಕಿಲ್ಲ. ಇದನ್ನು ಮುಚ್ಚಿಟ್ಟರೆ ನನ್ನ ಕಾಗದ ಚಂದ ಕಾಣುತ್ತಿತ್ತು, ಆದರೆ ಯಂಕಪ್ಪ ದಿನವೂ ಕುಂಟುತ್ತಾ ನನ್ನ ಅಂಗಡಿಯ ಮುಂದೆಯೇ ಹೋಗುತ್ತಾನೆ. ಮದುವೆಗೆ ಅವನು ಬರುವುದಿಲ್ಲವೆಂದುಕೊಂಡಿದ್ದೆವು. ಬಂದ. ಕಸ್ತೂರಿ ಆರಿಸಿದ ತಾಟಿನಲ್ಲೇ ಮೂರು ಸಲ ಹೋಳಿಗೆ ಹಾಕಿಸಿಕೊಂಡ. ಆಮೇಲೆ ನನ್ನ ಪಕ್ಕ ಬಂದು ಕೂತ. ಯಾರನ್ನರ ಹಿಡೀರಿ ಅಂತ ದಿನಾ ಹೋಗಿ ಒದರಿದ್ನಿರೀ ಅಕ್ಕಾರ, ಹೊಡದಾಂವನ್ನ ಹಿಡೀರಿ ಅನ್ನೂದು ಮರತs ಬಿಟ್ಟಿದ್ನಿ ಎಂದ. ಅಷ್ಟು ಹೇಳಿ, ಮದುಮಗನನ್ನು ಕರೆದು ತನ್ನ ಪಕ್ಕ ಕೂರಿಸಿಕೊಂಡ. ಇಬ್ಬರೂ ಮಾತಾಡಲಿಲ್ಲ. ರಾಚಯ್ಯನಿಗೆ ಮಾತು ಬರುವುದಿಲ್ಲ, ಯಂಕಪ್ಪನ ಬಾಯಲ್ಲಿ ಹೋಳಿಗೆ. ಅವತ್ತು ಭಾಂಡೆಗಳು ಒಂದೂ ಕಡಿಮೆಯಾಗದೆ ಹಿಂತಿರುಗಿದವು. ನನ್ನ ವ್ಯಾಪಾರದಲ್ಲಿ ಅಂಥ ಮದುವೆ ಇನ್ನೊಂದು ಆಗಿಲ್ಲ. ಊರಿನವರು ಈಗ ನನ್ನನ್ನು ಹೀರೇಕಾಯಿ ಅಕ್ಕಾರ ಎಂದೇ ಕರೆಯುತ್ತಾರೆ, ಕಸ್ತೂರಿ ತಿಂಗಳಿಗೊಮ್ಮೆ ಹೀರೇಕಾಯಿ ಪಲ್ಯ ಮಾಡಿ ಕಳಿಸುತ್ತಾಳೆ, ಕೊಡಲು ಬರುವ ರಾಚಯ್ಯ ಪ್ರತಿ ಸಲವೂ ನಗು ತಡೆಯಲಾರದೆ ಅರ್ಧ ಚೆಲ್ಲುತ್ತಾನೆ.

ನನ್ನ ಕೋರಿಕೆ ಸಣ್ಣದು. ನಿಮ್ಮ ಕಾಲದ ಕಾನೂನನ್ನು ನೀವೊಬ್ಬರೇ ಬದಲಿಸಲಾಗದು, ಗೊತ್ತು. ನಿಮ್ಮ ಮೇಜು ನಿಮ್ಮದೇ ತಾನೆ? ನಾಳೆ ಕಡತ ಬಂದಾಗ, ಮೊದಲು ಗುರುತೊಂದನ್ನೇ ನೋಡಿ, ಕಂಡದ್ದನ್ನು ಬರೆದಿಡಿ, ಆಮೇಲೆ ಆಪಾದಿತನ ಹಾಳೆ ಬಿಚ್ಚಿ. ಪಕ್ಕದ ಮೇಜಿನವರಿಗೆ ಹೇಳಿ, ಹೆಸರು ಮುಚ್ಚಿದ ನಾಲ್ಕಾರು ಹಾಳೆಗಳ ನಡುವೆ ಅವನದನ್ನು ಸೇರಿಸಿ ಕೊಡಲಿ. ತಪ್ಪಿದ್ದೀರಾ ಎಂದು ವಕೀಲರು ಕೇಳಿದರೆ, ಹೌದು, ಇಂತಿಂಥ ಕಡೆ ಎನ್ನಿ. ಮೊದಲ ಸಲ ನಾಲಿಗೆ ಒಣಗುತ್ತದೆ. ಹಸೀನಾ ಅವರಿಗೂ ಒಣಗಿತ್ತಂತೆ, ನಾನು ಕೇಳಿ ತಿಳಿದುಕೊಂಡಿದ್ದೇನೆ. ಇದನ್ನೆಲ್ಲ ಒಮ್ಮೆಲೇ ಮಾಡುವುದು ಕಷ್ಟ ಅನ್ನಿಸಿದರೆ ಎಂದು, ಕೈ ಪಳಗಲಿ ಎಂದು, ಒಂದು ಉಡುಗೊರೆ ಕಳಿಸಿದ್ದೇನೆ.

ಕಾಗದದ ಕೆಳಗೆ ಎರಡು ಹೆಬ್ಬೆಟ್ಟುಗಳಿವೆ. ಒಂದು ನನ್ನದು, ನಿಮ್ಮ ರಕ್ತದ್ದು. ಇನ್ನೊಂದು ರಾಚಯ್ಯನದು, ಈಗಷ್ಟೇ ನೀರಿನಿಂದ ಮೇಲೆ ಬಂದು ಒತ್ತಿ ಹೋದ. ಯಾವುದು ಯಾರದೆಂದು ಹೇಳುವುದಿಲ್ಲ. ನಿಮ್ಮ ಭೂತಗನ್ನಡಿ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ನಿಧಾನವಾಗಿ ನೋಡಿ. ಪ್ರತಿ ಗುರುತಿನ ಕೆಳಗೆ ಹೆಸರು ಬರೆಯಲು ಜಾಗ ಬಿಟ್ಟಿದ್ದೇನೆ. ಪಕ್ಕದಲ್ಲೇ, ಗೊತ್ತಾಗಲಿಲ್ಲ ಎಂದು ಬರೆಯಲೂ ಅಷ್ಟೇ ಅಗಲದ ಜಾಗ ಬಿಟ್ಟಿದ್ದೇನೆ.

ನಿಮ್ಮ ಮರಿಮೊಮ್ಮಗಳ ಮೊಮ್ಮಗಳು,
ಬಂಗಾರೆವ್ವ